ಅಡಿಗೆಮನೆಯ ನೆಲ: ನಾಲ್ಕು ತಾಲೂಕುಗಳಲ್ಲಿ ಕಂಡದ್ದು

ಕಳೆದ ಮಾಗಿಯ ಒಂದು ಮುಂಜಾವಿನಲ್ಲಿ ನಮ್ಮ ಅಕ್ಕನವರು ತಮ್ಮ ಮನೆಯ ಅಡಿಗೆಮನೆಯಲ್ಲಿ ಕಾಲು ಜಾರಿ ಬಿದ್ದರು. ಅವರ ಮನೆ ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯಲ್ಲಿದೆ. ಹಿರಿಯರು ಕಿರಿಯರು ಕೂಡಿ 11 ಜನರ ಒಕ್ಕಲುತನದ ಮನೆ. ಗೋವಿನಜೋಳದ ಸುಗ್ಗಿ ಬಂತೆಂದರೆ ಆಳುಗಳೂ ಸೇರಿ ಊಟದ ತಾಟುಗಳು 20ನ್ನು ದಾಟುತ್ತವೆ. ಬೆಳಗಿನ 5 ಗಂಟೆಗೆ ಹೊತ್ತಿದ ಒಲೆ ರಾತ್ರಿ 10ರವರೆಗೆ ಬಿಡುವು ಕಾಣುವುದಿಲ್ಲ. ಹಿಂದಿನ ರಾತ್ರಿ ಒಗ್ಗರಣೆಯ ಎಣ್ಣೆ ನಾಲ್ಕು ಹನಿ ನೆಲಕ್ಕೆ ಬಿದ್ದಿತ್ತು. ಮುಂಜಾನೆ ಅದರ ಮೇಲೆ ಕೊಡದ ನೀರು ತುಳುಕಿತು. 72 ವರ್ಷದ ಅಕ್ಕನವರಿಗೆ ಚಪ್ಪೆಯ ಎಲುಬು ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಹಾಸಿಗೆಯಲ್ಲಿದ್ದು, ಈಗ ಕೋಲು ಹಿಡಿದು ನಡೆಯುತ್ತಿದ್ದಾರೆ.

ಈ ಮನೆಯ ಮಾತನ್ನು ಓದುಗರ ಮುಂದಿಡಲು ಕಾರಣವುಂಟು. ಆ ನೆಲವನ್ನು ಆರಿಸಿದವರು ನಾವೇ. ಆರು ವರ್ಷಗಳ ಹಿಂದೆ ಅಕ್ಕನ ಮಗ ಅಡಿಗೆಮನೆಯನ್ನು ಹೊಸದಾಗಿ ಕಟ್ಟಿಸಿದಾಗ ನಮ್ಮನ್ನು ಟೈಲ್ಸ್ ಅಂಗಡಿಗೆ ಕರೆದೊಯ್ದಿದ್ದ. ಕನ್ನಡಿಯಂತೆ ಹೊಳೆಯುವ ಬಿಳಿಯ ಫಲಕವೊಂದನ್ನು ತೋರಿಸಿ, ‘ಇದು ಶುಭ್ರವಾಗಿದೆ, ಕಸ ಬಿದ್ದರೆ ಕೂಡಲೇ ಕಾಣುತ್ತದೆ’ ಎಂದು ತೀರ್ಪು ಕೊಟ್ಟೆವು. ಗ್ರಂಥಗಳ ನಡುವೆ ಬೆಳೆದ ನಮಗೆ ಅಡಿಗೆಮನೆಯ ನೆಲದ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರವೇನಿತ್ತು? ಆದರೂ ಕೊಟ್ಟೆವು, ಮನೆಯವರು ಒಪ್ಪಿದರು.

ಈ ವರ್ಷ ಶ್ರಾವಣಕ್ಕೆ ಮುಂಚೆ ಅಳಿಯ ಮತ್ತೆ ಬಂದು, “ಮಾಮಾ, ಆ ನೆಲಾ ಕಿತ್ತಸೂದಂತ ಮಾಡೇನಿ. ಈ ಸಲ ಯಾವುದು ಹಾಕಸೂಣು?” ಎಂದು ಕೇಳಿದ. ನಮ್ಮನ್ನೇ ಮತ್ತೆ ಕೇಳಿದ ಅವನ ದೊಡ್ಡತನಕ್ಕೆ ನಾಚಿದೆವು. ಉತ್ತರ ಕೊಡಲಿಲ್ಲ. ಆ ತಿಂಗಳು ಹಾನಗಲ್ಲ, ಶಿಗ್ಗಾಂವಿ, ಸವಣೂರು ತಾಲೂಕುಗಳ ಊರುಗಳಲ್ಲಿ ನಮ್ಮ ಪ್ರವಚನಗಳಿದ್ದವು. ದಿನಕ್ಕೊಬ್ಬ ಭಕ್ತರ ಮನೆಯಲ್ಲಿ ಪ್ರಸಾದ. ಹೋದಲ್ಲೆಲ್ಲ ಅಡಿಗೆಮನೆಯ ನೆಲವನ್ನು ನೋಡಿ, ಅದನ್ನು ತುಳಿದು ಒರೆಸುವವರನ್ನು ಕೇಳಿ ಬರುತ್ತೇವೆಂದು ಹೇಳಿ ಹೊರಟೆವು. ಅಲ್ಲಿಯವರೆಗೆ ಆ ಬಿಳಿಯ ನೆಲದ ಮೇಲೆ ಗೋಣಿತಾಟು ಹಾಸಿಡಲು ತಿಳಿಸಿದೆವು.

ಹಿರೇಕೆರೂರಿನಿಂದ ಹಾನಗಲ್ಲಿನ ಕಡೆಗೆ ಸಾಗಿದಂತೆ ಬಯಲುಸೀಮೆ ಮೆಲ್ಲಗೆ ಮಲೆನಾಡಿನ ಸೆರಗಿಗೆ ತಗಲುತ್ತದೆ. ಭತ್ತದ ಗದ್ದೆಗಳು, ಮಾವಿನ ತೋಪುಗಳು, ಕೆರೆಗಳು ಕಾಣತೊಡಗುತ್ತವೆ. ಕುಮಾರ ಶಿವಯೋಗಿಗಳ ಹೆಸರಿನೊಡನೆ ಬೆಸೆದ ಊರು ಹಾನಗಲ್ಲ. ಆ ಪೂಜ್ಯರು 1904ರಲ್ಲಿ ವೀರಶೈವ ಮಹಾಸಭೆಗೂ 1909ರಲ್ಲಿ ಶಿವಯೋಗಮಂದಿರಕ್ಕೂ ಅಂಕುರಾರ್ಪಣ ಮಾಡಿದ್ದನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಊರೊಳಗಿನ ತಾರಕೇಶ್ವರ ದೇವಾಲಯದ ಕಮಲದ ಛತ್ತನ್ನು ನೋಡಲು ದೂರದಿಂದ ಜನ ಬರುತ್ತಾರೆ. ಎಲ್ಲರ ಕತ್ತೂ ಮೇಲಕ್ಕೆ ಎತ್ತಿರುತ್ತದೆ. ಈ ಸಲ ನಮ್ಮ ಕಣ್ಣು ಮಾತ್ರ ಕೆಳಕ್ಕೆ ಇಳಿದಿತ್ತು. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಮೆಚ್ಚಿದ್ದು ಬಳಪದ ಕಲ್ಲನ್ನು. ಉಳಿಗೆ ಸುಲಭವಾಗಿ ಒಲಿಯುವ ಮೆದುಕಲ್ಲು ಅದು. ಆದುದರಿಂದಲೇ ಕಂಬಗಳನ್ನು ತಿರುಗಣಿಯ ಮೇಲೆ ಕಡೆದಷ್ಟು ನುಣುಪಾಗಿ ಮಾಡಲು ಬಂದಿತು. ಅಂಥ ಮೆದುಕಲ್ಲಿನ ಗುಡಿ ಶತಮಾನಗಳ ಕಾಲ್ತುಳಿತವನ್ನು ತಾಳಿ ನಿಂತಿದೆ. ಬಾಳಿಕೆ ಎಂಬುದು ಕಲ್ಲಿನ ಗಡಸುತನವೊಂದರಲ್ಲೇ ಇಲ್ಲ; ಅದರ ದಪ್ಪದಲ್ಲಿಯೂ ಅದು ಕುಳಿತ ತಳಪಾಯದಲ್ಲಿಯೂ ಇದೆ ಎಂಬ ವಿಚಾರ ಅಲ್ಲಿಯೇ ಹೊಳೆಯಿತು. ಅದು ನಿಜವೆಂದು ಗೊತ್ತಾದದ್ದು ಮಾತ್ರ ಮುಂದೆ ಸವಣೂರಿನಲ್ಲಿ.

ಹಾನಗಲ್ಲ ತಾಲೂಕಿನ ಒಂದು ಹಳೆಯ ತೊಟ್ಟಿಮನೆಯಲ್ಲಿ ಅಡಿಗೆಮನೆಯ ಒಂದು ಭಾಗ ಇಂದಿಗೂ ಮಣ್ಣಿನ ನೆಲವೇ. ಕೆಮ್ಮಣ್ಣನ್ನು ಹದವಾಗಿ ಕಲಸಿ, ಹರವಿ, ಕೊಡತಿಯಿಂದ ಬಡಿದು ಬಡಿದು ಗಟ್ಟಿಮಾಡಿ, ಮೇಲೆ ಸಗಣಿಯಿಂದ ಸಾರಿಸಿದ ನೆಲ. ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪು. ಕೈತಪ್ಪಿದ ಮಣ್ಣಿನ ಗಡಿಗೆಯೂ ಅನೇಕ ವೇಳೆ ಒಡೆಯುವುದಿಲ್ಲ. ನಾವು ಅಭ್ಯಾಸಬಲದಿಂದ ಹಿಂದಿನವರ ಜಾಣ್ಮೆಯನ್ನು ಹೊಗಳತೊಡಗಿದೆವು. ಆ ಮನೆಯ ಹಿರಿಯ ತಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, “ಶಾಸ್ತ್ರಿಗಳ, ಛಲೋ ಐತಿ ಅಂತ ನೀವು ಅಂತೀರಿ. ಸಾರಸೋರ ಮಣಕಾಲು ಏನಂತಾವ, ಅದನ್ನೂ ಒಂಚೂರು ಕೇಳ್ರಿ” ಎಂದರು. ನಮ್ಮ ಬಾಯಿ ಕಟ್ಟಿತು. ಮಳೆಗಾಲದಲ್ಲಿ ಆ ನೆಲ ಥಂಡಿ ಹಿಡಿಯುತ್ತದೆ, ಮೂಲೆಯಲ್ಲಿ ಇಲಿ ಬಿಲ ತೋಡುತ್ತದೆ, ವಾರಕ್ಕೆರಡು ಸಲ ಬಗ್ಗಿ ಸಾರಿಸಬೇಕು. ಸಗಣಿ ಹಾಕುವ ದನಗಳು ಈಗ ಎಷ್ಟು ಮನೆಗಳಲ್ಲಿವೆ? ಮಣ್ಣಿನ ನೆಲದ ಮೇಲೆ ಲೇಖನ ಬರೆದ ಗಂಡಸರಲ್ಲಿ ಒಬ್ಬನಾದರೂ ಅದನ್ನು ಒಂದು ವರ್ಷ ಸಾರಿಸಿದ್ದಾನೆಯೆ ಎಂಬುದು ಸಂದೇಹ. ನಾವೂ ಅವರಲ್ಲಿ ಸೇರಿದವರೇ.

ಅದೇ ಮನೆಯ ಉಳಿದರ್ಧ ಅಡಿಗೆಮನೆಗೆ ಶಹಾಬಾದ ಫರಸಿ ಹಾಕಿದ್ದರು. ಅದನ್ನು ಕಂಡಾಗ ನಮ್ಮ ವಿದ್ಯಾರ್ಥಿದೆಶೆ ಕಣ್ಣ ಮುಂದೆ ಬಂದಿತು. ಮಠದ ದಾಸೋಹದ ಅಡಿಗೆಮನೆಗೂ ಫರಸಿಯೇ ಇತ್ತು. ಸರದಿಯ ಮೇಲೆ ನಾವು ಹುಡುಗರು ಬೂದಿ ಚೆಲ್ಲಿ, ತೆಂಗಿನ ಜುಂಗಿನಿಂದ ತಿಕ್ಕಿ, ಕೊಡಗಟ್ಟಲೆ ನೀರು ಹೊಯ್ದು ತೊಳೆಯುತ್ತಿದ್ದೆವು. ದೊಡ್ಡ ಹಂಡೆಗಳನ್ನು ಎಳೆದಾಡಿದರೂ ಕಲ್ಲು ಜಗ್ಗಲಿಲ್ಲ. ಒದ್ದೆ ನೆಲದಲ್ಲಿ ಓಡಾಡಿದರೂ ಯಾರೂ ಬಿದ್ದ ನೆನಪಿಲ್ಲ. ಆ ಕಲ್ಲಿಗೆ ಯಾರೂ ಪಾಲಿಶ್ ಹಾಕಿರಲಿಲ್ಲ ಎಂಬುದು ಈಗ ಅರ್ಥವಾಗುತ್ತಿದೆ. ಕಲಬುರ್ಗಿ ಜಿಲ್ಲೆಯ ಶಹಾಬಾದದ ಸೀಮೆಯಲ್ಲಿ ಈ ಕಲ್ಲು ಪದರು ಪದರಾಗಿ ನೆಲದಲ್ಲಿ ಮಲಗಿದೆ. ಬಿಡಿಸಿದರೆ ತಾನಾಗಿಯೇ ಚಪ್ಪಟೆ ಹಾಸುಗಲ್ಲಾಗಿ ಬರುತ್ತದೆ, ಆದ್ದರಿಂದ ಅಗ್ಗ. ಆದರೆ ಅದು ಸುಣ್ಣಕಲ್ಲಿನ ಬಳಗಕ್ಕೆ ಸೇರಿದ್ದು. ಕಡಪದ ಕರಿಕಲ್ಲು, ರಾಜಸ್ಥಾನದ ಕೋಟಾ ಕಲ್ಲು, ಅಮೃತಶಿಲೆ ಇವೆಲ್ಲವೂ ಆ ಬಳಗದವೇ. ಹುಳಿಗೂ ಸುಣ್ಣಕ್ಕೂ ಆಗಿಬರುವುದಿಲ್ಲ. ನಿಂಬೆರಸ, ಹುಣಸೆಹುಳಿ ಬಿದ್ದು ಕೆಲಹೊತ್ತು ನಿಂತರೆ ಮೇಲ್ಮೈಯನ್ನು ತಿಂದು ಮಾಸಲು ಗುರುತು ಉಳಿಸುತ್ತವೆ. ಬಚ್ಚಲು ತೊಳೆಯುವ ಆಸಿಡ್ ಅಂತೂ ಈ ಕಲ್ಲುಗಳಿಗೆ ವಿಷ.

ಶಿಗ್ಗಾಂವಿ ತಾಲೂಕಿನಲ್ಲಿ ನಮ್ಮ ಬಿಡಾರ ಮೂರು ದಿನ. ಕನಕದಾಸರ ಬಾಡ, ಶರೀಫರ ಶಿಶುವಿನಹಾಳ ಎರಡೂ ಈ ತಾಲೂಕಿನವೇ. ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ಗುಡಿಯನ್ನೂ ಕಂಡು ಬಂದೆವು. ಅರವತ್ತು ಕಂಬದ ಗುಡಿಯೆಂದೇ ಅದಕ್ಕೆ ರೂಢಿಯ ಹೆಸರು. ಆದರೆ ನಮ್ಮ ಪ್ರಕೃತ ವಿಷಯ ಶಿಗ್ಗಾಂವಿಯ ಒಬ್ಬ ನಿವೃತ್ತ ಶಿಕ್ಷಕರ ಮನೆಯಲ್ಲಿತ್ತು. ಮೊಸಾಯಿಕ್ ನೆಲ. ಒಂದು ಕಾಲಕ್ಕೆ ನೌಕರಿದಾರರು ಮನೆ ಕಟ್ಟಿಸಿದರೆ ಮೊಸಾಯಿಕ್ ಹಾಕಿಸುವುದೇ ಪ್ರತಿಷ್ಠೆಯಾಗಿತ್ತು. ಸಿಮೆಂಟಿನಲ್ಲಿ ಅಮೃತಶಿಲೆಯ ಚೂರುಗಳನ್ನು ಕೂಡಿಸಿ ಒತ್ತಿದ ಹತ್ತಂಗುಲದ ಚೌಕಗಳು. ಹಾಸಿದ ಮೇಲೆ ಯಂತ್ರದಿಂದ ತಿಕ್ಕಿ ನಯಗೊಳಿಸುತ್ತಿದ್ದರು. ಶಿಕ್ಷಕರ ಮನೆಯವರು ಹೆಮ್ಮೆಯಿಂದ, “38 ವರ್ಷ ಆತ್ರಿ. ನಾಲ್ಕು ಮಕ್ಕಳು ಇದರ ಮ್ಯಾಲೇ ಆಡಿ ಬೆಳದಾರ. ನಡುವ ಒಮ್ಮೆ ಪಾಲಿಶ್ ಹಿಡಸೇವಿ, ಅಷ್ಟ” ಎಂದರು. ಸವೆದರೆ ಮತ್ತೆ ತಿಕ್ಕಿಸಬಹುದಾದ ನೆಲ ಇದು. ಮೇಲಿನ ಹೊಳಪು ಹೋದರೂ ಒಳಗೂ ಅದೇ ವಸ್ತು ಇರುತ್ತದೆ. ಹೊಳಪು ಲೇಪದ ಟೈಲ್ಸಿಗೆ ಈ ಭಾಗ್ಯವಿಲ್ಲ. ಲೇಪ ಸವೆದರೆ ಒಳಗಿನ ಮಣ್ಣು ಕಾಣುತ್ತದೆ, ಅದಕ್ಕೆ ಮದ್ದಿಲ್ಲ. ಆದರೆ ಒಲೆಯ ಪಕ್ಕದಲ್ಲಿ ಮೊಸಾಯಿಕ್ಕಿನ ಮೇಲೂ ಅಂಗೈಯಗಲದ ಬಿಳಿಚಿದ ಕಲೆಯಿತ್ತು. ಉಪ್ಪಿನಕಾಯಿಯ ಭರಣಿ ಸೋರಿದ ಗುರುತು. ಸಿಮೆಂಟೂ ಅಮೃತಶಿಲೆಯೂ ಹುಳಿಗೆ ಸೋಲುವಂಥವೇ ಅಲ್ಲವೆ?

ಪಕ್ಕದ ಮನೆಯಲ್ಲಿ ಕೆಂಪು ಸಿಮೆಂಟಿನ ನೆಲವನ್ನು ತೋರಿಸಿದರು. ಕಾವಿಯ ಬಣ್ಣ, ಅಂಗಾಲಿಗೆ ರೇಷ್ಮೆಯಂಥ ಸ್ಪರ್ಶ. ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಸಿಮೆಂಟಿಗೆ ಕೂಡಿಸಿ, ಗೌಂಡಿ ಒಂದೇ ಪಟ್ಟಿಗೆ ಕುಳಿತು ತಾಪಿಯಿಂದ ತಿಕ್ಕಿ ಮುಗಿಸಬೇಕಾದ ಕೆಲಸ ಅದು. ಕೈ ನಡುವೆ ನಿಂತರೆ ನೆಲದಲ್ಲಿ ಗೆರೆ ಉಳಿಯುತ್ತದೆ. ಆ ಕೈಗಾರಿಕೆ ಬಲ್ಲ ಗೌಂಡಿಗಳು ಇಂದು ವಿರಳ. ಬಿರುಕು ಬಿಟ್ಟ ಜಾಗವನ್ನು ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ. ನೋಡಲು ನಮ್ಮ ಮನಸ್ಸಿಗೆ ಅದೇ ಹೆಚ್ಚು ಒಪ್ಪಿತು, ಆದರೆ ಮನಸ್ಸಿಗೆ ಒಪ್ಪಿದ್ದನ್ನು ಆರಿಸಿ ಒಮ್ಮೆ ಪಾಠ ಕಲಿತಾಗಿತ್ತು.

ಸವಣೂರನ್ನು ತಲುಪಿದಾಗ ಮಳೆ ಹಿಡಿದಿತ್ತು. ನವಾಬರ ಆಳಿಕೆಯನ್ನು ಕಂಡ ಊರು, ವಿ. ಕೃ. ಗೋಕಾಕರು ಹುಟ್ಟಿದ ಊರು, ವೀಳ್ಯದೆಲೆಗೂ ಖಾರಕ್ಕೂ ಹೆಸರಾದ ಊರು. ಆಫ್ರಿಕದ ಮೂಲದ ದೊಡ್ಡಹುಣಸೆ ಮರಗಳಿಂದಲೇ ಇಲ್ಲಿಯ ಕಲ್ಮಠಕ್ಕೆ ದೊಡ್ಡಹುಣಸೆ ಕಲ್ಮಠವೆಂಬ ಹೆಸರು. ಆ ಮಠದ ಅಂಗಳದಿಂದ ಹೊರಬಂದು ನಾವು ಹೋದದ್ದು ಖಾರ ಕರಿದು ಮಾರುವ ಒಂದು ಮನೆಗೆ. ಅಡಿಗೆಮನೆಯೇ ಅವರ ಕಾಯಕದ ಸ್ಥಳ. ಕಡಪ ಕಲ್ಲಿನ ನೆಲ. ಬಾಣಲೆಯ ಸುತ್ತಲಿನ ಎರಡು ಮಾರು ಜಾಗದಲ್ಲಿ ಕಲ್ಲಿನ ಬಣ್ಣವೇ ಬೇರೆಯಾಗಿತ್ತು. “ಎಣ್ಣಿ ಕುಡದೈತ್ರಿ ಕಲ್ಲು. ಸೋಡಾ ಹಾಕಿ ತಿಕ್ಕಿದ್ರೂ ಬಿಡೂದುಲ್ಲ” ಎಂದು ಮನೆಯೊಡತಿ ನಕ್ಕರು. ಅಲ್ಲಿ ಯಾರಾದರೂ ಜಾರಿದ್ದುಂಟೆ ಎಂದು ಕೇಳಿದೆವು. ಕಲ್ಲು ಮೊದಲು ಒರಟಾಗಿದ್ದಾಗ ಇಲ್ಲ, ವರ್ಷಗಳು ಕಳೆದು ಸವೆದು ನುಣುಪಾದ ಮೇಲೆ ಎರಡು ಸಲ ಎಂದರು. ಈಗ ಬಾಣಲೆಯ ಬಳಿಯ ಕಲ್ಲುಗಳಿಗೆ ಉಳಿಯಿಂದ ಸಣ್ಣಗೆ ಟಾಕಿ ಹೊಡೆಸಿದ್ದಾರೆ. ಅಂದರೆ ಹಳೆಯ ಬೀಸುವ ಕಲ್ಲಿಗೆ ಮಾಡುತ್ತಿದ್ದ ಉಪಾಯವೇ ನೆಲಕ್ಕೂ ಬಂದಿತು.

ಸವಣೂರಿನಲ್ಲಿಯೇ ನಮ್ಮ ಪ್ರಯಾಣದ ಮುಖ್ಯ ಪಾಠವಾಯಿತು. ಅನುಕೂಲಸ್ಥರೊಬ್ಬರ ಹೊಸ ಮನೆ, ನೆಲಕ್ಕೆ ಬೆಲೆಬಾಳುವ ಗ್ರಾನೈಟು. ನಾಲ್ಕೇ ವರ್ಷಕ್ಕೆ ಅಡಿಗೆಮನೆಯ ಅಡ್ಡಕ್ಕೆ ಬಿರುಕು ಹರಿದು, ಒಂದು ಅಂಚು ಬೆರಳಿನಷ್ಟು ಮೇಲೆದ್ದಿತ್ತು. ಅದನ್ನು ಕಿತ್ತು ಮರಳಿ ಹಾಕಲು ಬಂದಿದ್ದ ವೃದ್ಧ ಗೌಂಡಿ ನಮ್ಮನ್ನು ಕೂರಿಸಿಕೊಂಡು ವಿವರಿಸಿದ. ಈ ಕಡೆಯ ಎರೆಮಣ್ಣು ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿಬಿಡುತ್ತದೆ. ಅದರ ಮೇಲೆ ನೇರವಾಗಿ ಹಾಸಿದರೆ ಯಾವ ಕಲ್ಲೂ ನಿಲ್ಲದು. ಎರೆಯನ್ನು ಎರಡು ಮೂರು ಅಡಿ ತೆಗೆದುಹಾಕಬೇಕು. ಗರಸನ್ನು ಗೇಣುದ್ದ ಪದರುಗಳಲ್ಲಿ ತುಂಬಿ, ಪ್ರತಿ ಪದರಿಗೂ ನೀರು ಹಾಕಿ ಧಮ್ಮಸು ಮಾಡಬೇಕು. ಮೇಲೆ ಖಡಿ, ಅದರ ಮೇಲೆ ನಾಲ್ಕಂಗುಲದ ಕಾಂಕ್ರೀಟು, ಅನಂತರ ಮಾಲು, ಕೊನೆಗೆ ಕಲ್ಲು. ಹಾಸಿದ ಮೇಲೆ ಒಂದು ವಾರ ನೀರುಣಿಸಬೇಕು. “ಮ್ಯಾಲಿನ ಕಲ್ಲಿಗೆ ಸಾವಿರ ರೂಪಾಯಿ ಕೊಡತಾರ, ತಳಕ್ಕ ನೂರು ಕೊಡ ಅಂದ್ರ ಕೈ ಬರೂದುಲ್ಲ” ಎಂದ. ಇನ್ನೊಂದು ಕಳ್ಳದಾರಿಯನ್ನೂ ಅವನೇ ತೋರಿಸಿದ. ಅವಸರದ ಕೆಲಸದವರು ಟೈಲ್ಸಿನ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಮಾಲಿನ ಉಂಡೆ ಇಟ್ಟು ಒತ್ತಿಬಿಡುತ್ತಾರೆ. ಉಂಡೆಗಳ ನಡುವೆ ಟೊಳ್ಳು ಉಳಿಯುತ್ತದೆ. ಆ ಜಾಗಕ್ಕೆ ಒಮ್ಮೆ ಒಳಕಲ್ಲಿನ ಗುಂಡೋ ತುಂಬಿದ ಸಿಲಿಂಡರೋ ಬಿದ್ದರೆ ತೀರಿತು. ನಾಣ್ಯದಿಂದ ತಟ್ಟಿದರೆ ಟೊಳ್ಳಿನ ಸದ್ದು ಕೂಡಲೇ ತಿಳಿಯುತ್ತದೆ. ಆ ಕ್ಷಣವೇ ತಾರಕೇಶ್ವರನ ಗುಡಿಯ ನೆಲ ನೆನಪಾಯಿತು.

ಮರಳಿ ಅಕ್ಕನ ಮನೆಗೆ ಬಂದಾಗ ಬರಿಗೈಯಲ್ಲಿ ಬರಲಿಲ್ಲ. ಶಹಾಬಾದ, ಕಡಪ, ಬೂದುಬಣ್ಣದ ಗ್ರಾನೈಟು ಇವುಗಳ ತುಂಡುಗಳನ್ನೂ, ಹೊಳಪಿನದೊಂದು ಹೊಳಪಿಲ್ಲದ್ದೊಂದು ವಿಟ್ರಿಫೈಡ್ ಟೈಲ್ಸನ್ನೂ ಚೀಲದಲ್ಲಿ ಹೊತ್ತು ತಂದೆವು. ವಿಟ್ರಿಫೈಡ್ ಎಂದರೆ ಬಲು ಕಾವಿನಲ್ಲಿ ಗಾಜಿನಂತೆ ಬಿಗಿದುಕೊಳ್ಳುವವರೆಗೆ ಸುಟ್ಟದ್ದು. ನಮ್ಮ ದೇಶದಲ್ಲಿ ಇಂಥ ಫಲಕಗಳು ಬಹುಪಾಲು ಗುಜರಾತಿನ ಮೋರ್ಬಿಯಿಂದ ಬರುತ್ತವೆ. ತನ್ನ ತೂಕದ ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ನೀರು ಅದು ಹೀರಬಾರದು ಎಂಬುದು ನಿಯಮ. ಗೋಡೆಗೆ ಹಚ್ಚುವ ಟೈಲ್ಸು ಹತ್ತು ಪಾಲಿಗೂ ಮೀರಿ ಹೀರುತ್ತದೆ. ಅಗ್ಗವೆಂದು ಗೋಡೆಯದನ್ನು ನೆಲಕ್ಕೆ ಹಾಕಿಸಿದವರ ಮನೆಯೊಂದನ್ನೂ ಕಂಡೆವು, ಅದರ ಗತಿ ಬರೆಯುವಂತಿಲ್ಲ. ಡಬ್ಬಿಯ ಮೇಲೆ ಕೆಲವರು ‘ಆರ್ 9’, ‘ಆರ್ 10’, ‘ಆರ್ 11’ ಎಂದು ಅಚ್ಚು ಹಾಕಿರುತ್ತಾರೆ. ಎಣ್ಣೆ ಸವರಿದ ಇಳಿಜಾರಿನ ಮೇಲೆ ಮನುಷ್ಯನನ್ನು ನಡೆಸಿ ಅಳೆಯುವ ಜರ್ಮನಿಯ ಕ್ರಮವಿದು. 9ರಿಂದ 13ರವರೆಗೆ ಅಂಕಿ ಏರಿದಷ್ಟೂ ಜಾರುವುದು ಕಡಿಮೆ. ಆದರೆ ಅಲ್ಲಿ ನಡೆಯುವವನು ಬೂಟು ತೊಟ್ಟಿರುತ್ತಾನೆ. ನಮ್ಮ ಮನೆಗಳಲ್ಲಿ ನಡೆಯುವವರು ಬರಿಗಾಲಿನ ಹೆಣ್ಣುಮಕ್ಕಳು.

ಆದ್ದರಿಂದ ನಮ್ಮದೇ ಪರೀಕ್ಷೆ ನಡೆಯಿತು. ಐದೂ ತುಂಡುಗಳನ್ನು ಹಿತ್ತಲಲ್ಲಿ ಸಾಲಾಗಿಟ್ಟು, ಒಂದೊಂದರ ಮೇಲೂ ನಿಂಬೆರಸ, ಹುಣಸೆರಸ, ಅರಿಷಿಣ ಕಲಸಿದ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟೆವು. ಮರುದಿನ ಸೊಸೆ ಒರೆಸಿದಳು. ಶಹಾಬಾದ, ಕಡಪಗಳಲ್ಲಿ ನಿಂಬೆಯ ಗುರುತು ಉಳಿಯಿತು, ಅರಿಷಿಣ ಒಳಗಿಳಿದಿತ್ತು. ಗ್ರಾನೈಟಿಗೆ ಹುಳಿ ಏನೂ ಮಾಡಲಿಲ್ಲ. ಎಣ್ಣೆ ಬಿದ್ದಲ್ಲಿ ತುಸು ಕಪ್ಪಾಗಿತ್ತು, ಸೋಪಿನ ನೀರಿಗೆ ಬಹಳಷ್ಟು ಹೋಯಿತು. ಟೈಲ್ಸುಗಳೆರಡೂ ಹೊಸದರಂತೆ ಬಂದವು, ಹೊಳಪಿಲ್ಲದ್ದಕ್ಕೆ ಇನ್ನೆರಡು ಸಲ ಕೈ ಹೆಚ್ಚು ಬೇಕಾಯಿತು. ಅನಂತರ ನೀರೂ ಎಣ್ಣೆಯೂ ಸುರಿದು ಅಳಿಯ ನಮ್ಮ ಹೆಗಲು ಹಿಡಿದು ಬರಿಗಾಲಿನಲ್ಲಿ ಒಂದೊಂದರ ಮೇಲೆ ನಿಂತ. ಹೊಳೆಯುವ ಟೈಲ್ಸಿನ ಮೇಲೆ ಕಾಲಿಟ್ಟೊಡನೆ ಹಿಮ್ಮಡಿ ಸರಿಯಿತು. ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ಅಕ್ಕನವರು ಕಣ್ಣು ಮುಚ್ಚಿಕೊಂಡರು.

“ತಮ್ಮಾ, ಫರಸೀನ ಹಾಕಸರಿ. ಕಲೆ ಬಿದ್ರ ಬೀಳ್ಲಿ, ನಾ ಬೀಳಬಾರದು” ಎಂದರು ಅಕ್ಕ.

ಸೊಸೆ ತಲೆಬಗ್ಗಿಸಿಯೇ, ಆದರೆ ಗಟ್ಟಿಯಾಗಿ, “ಅತ್ತಿಯವರು ಹೇಳೂದು ಖರೇರಿ, ಮಾವಾರ. ಆದ್ರ ದಿನಾ ಮೂರು ಹೊತ್ತು ಒರಸಾಕಿ ನಾನು. ನನಗ ಬಗ್ಗಿ ತಿಕ್ಕಿ ನಡಾ ಹೋದ್ರ ಅದೂ ಬಿದ್ದಂಗ ಅಲ್ಲೇನ್ರಿ?” ಎಂದಳು. ಆರು ವರ್ಷಗಳ ಹಿಂದೆ ಈ ಇಬ್ಬರನ್ನೂ ಅಂಗಡಿಗೆ ಕರೆದೊಯ್ದಿರಲಿಲ್ಲ ಎಂಬುದು ಆಗ ನೆನಪಾಯಿತು.

ಇಬ್ಬರಿಗೂ ಒಗ್ಗುವಂಥದು ಮೇಲ್ಮೈ ತುಸು ತರಿಯಾಗಿ ಉಳಿಸಿದ ಬೂದು ಗ್ರಾನೈಟು. ಮುಕ್ಕಾಲಂಗುಲ ದಪ್ಪ, ಪೂರ್ಣ ಪಾಲಿಶ್ ಇಲ್ಲದ್ದು. ತೀರ ಒರಟಾದರೆ ತರಿಯಲ್ಲಿ ಜಿಡ್ಡು ಕೂರುತ್ತದೆ, ಆದುದರಿಂದ ಅಂಗೈ ಆಡಿಸಿ ಸೊಸೆಯೇ ಆರಿಸಿದಳು. ಸಂದುಗಳು ಕಿರಿದಾಗಿರಬೇಕು, ಅವಕ್ಕೆ ಸಿಮೆಂಟಿನ ಬದಲು ಎಪಾಕ್ಸಿ ತುಂಬಬೇಕು. ಅರಿಷಿಣ ಮೊದಲು ಕೂರುವುದು ಸಂದಿನಲ್ಲಿಯೇ. ಪಾತ್ರೆ ತೊಳೆಯುವ ಮೋರಿಯ ಕಡೆಗೆ ಹತ್ತಡಿಗೆ ಒಂದಂಗುಲ ಓಟ ಕೊಡಬೇಕು. ಖರ್ಚು ಮಾತ್ರ ಏರಿತು. ಪಡಸಾಲೆಗೂ ಹೊಸ ಟೈಲ್ಸು ಹಾಕಿಸಬೇಕೆಂದು ಅಳಿಯ ತೆಗೆದಿಟ್ಟಿದ್ದ ಹಣವಿತ್ತು. ಬೀಗರು ಬಂದಾಗ ಕಾಣುವುದು ಪಡಸಾಲೆಯಲ್ಲವೆ ಎಂದು ಅವನು ಸ್ವಲ್ಪ ತಡವರಿಸಿದ. ಬೀಗರು ವರ್ಷಕ್ಕೆ ಎಷ್ಟು ದಿನ ಬರುತ್ತಾರೆಂದು ಅವನ ತಾಯಿ ಕೇಳಿದರು. ಪಡಸಾಲೆಯ ಹಳೆಯ ಮೊಸಾಯಿಕ್ ಹಾಗೆಯೇ ಉಳಿಯಿತು.

ದಸರೆ ಮುಗಿದು ಸುಗ್ಗಿ ಹೆಗಲಿಗೇರುವ ಮುಂಚೆ ಕೆಲಸ ನಡೆಯಿತು. ಬಿಳಿಯ ಟೈಲ್ಸನ್ನು ಕಿತ್ತಾಗ ಅಡಿಯಲ್ಲಿ ಅದೇ ಐದು ಉಂಡೆಗಳ ಗುರುತು ಕಂಡವು. ತಳವನ್ನು ಅಗೆದು, ಗರಸು ತುಂಬಿ, ನೀರು ಹಾಕಿ ಬಡಿಸಲು ಎಂಟು ದಿನ ಹಿಡಿಯಿತು. ಅಷ್ಟು ದಿನವೂ ಅಡಿಗೆ ಹಿತ್ತಲಿನ ತಗಡಿನ ಚಪ್ಪರದಲ್ಲಿ. ಕೊನೆಯ ಕಲ್ಲು ಕುಳಿತು, ಮಾಲು ಬಿಗಿದ ಮೇಲೆ ಅಕ್ಕನವರು ಬಾಗಿಲಿನಿಂದ ಮೋರಿಯವರೆಗೆ ಹೆಜ್ಜೆ ಹೆಜ್ಜೆಗೂ ನಿಂತು, ಕೋಲಿನ ತುದಿಯಿಂದ ಒಂದೊಂದು ಕಲ್ಲನ್ನೂ ತಟ್ಟಿ ಕಿವಿಗೊಟ್ಟರು. ಎರಡು ಕಲ್ಲುಗಳ ಸದ್ದು ಅವರಿಗೆ ಹಿಡಿಸಲಿಲ್ಲ. ಗೌಂಡಿ ತಾನೂ ಬಗ್ಗಿ ತಟ್ಟಿ ನೋಡಿ, ಮರುಮಾತಾಡದೆ ಅವನ್ನು ಎತ್ತಿ ಮತ್ತೆ ಕೂರಿಸಿದ.